ಕ್ಯಾಲೆಂಡರಿನ ಮಗು

ಜನವರಿ 9

ಅಮ್ಮ,

ಒಂದೇ ಪ್ರಶ್ನೆ. ಒಂದೇ ಸಾಲಿನ ಉತ್ತರ ಸಾಕು. ನನ್ನನ್ನು ಹಸುವಿನ ಹಾಲಿನಲ್ಲಿ ಬೆಳೆಸಿದೆಯಲ್ಲ, ಅದಕ್ಕೆ ಎಷ್ಟು ನೀರು ಬೆರೆಸುತ್ತಿದ್ದೆ?

ಪಾಪುವಿಗೆ ಮೊನ್ನೆ ಆರು ತಿಂಗಳು ತುಂಬಿತು. ಫೆಬ್ರವರಿ ಒಂದರಿಂದ ನಾನು ಮತ್ತೆ ಟಿಕೆಟ್ ಚೀಲ ಹೆಗಲಿಗೆ ಹಾಕಬೇಕು. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಇಳಿಯುವುದು ಎರಡೂವರೆಗೆ. ನಡುವೆ ಎರಡು ಸಲ ಡಿಪೋಗೆ ಬರುತ್ತೇವೆ, ಹತ್ತು ಹತ್ತು ನಿಮಿಷ. ಚಹಾ ಕುಡಿಯುವುದೋ ಪಾಯಿಖಾನೆಗೆ ಹೋಗುವುದೋ ಎಂದು ಆರಿಸಿಕೊಳ್ಳಬೇಕು, ಎರಡಕ್ಕೂ ಪುರುಸೊತ್ತಿಲ್ಲ.

ಪಾಪುವನ್ನು ನೋಡಿಕೊಳ್ಳಲು ಇವರ ಚಿಕ್ಕಮ್ಮ ಬಂದು ಇಳಿದಿದ್ದಾರೆ. ಒಳ್ಳೆಯವರೇ. ಆದರೆ ಬಂದ ದಿನವೇ ಹಿಂದಿನ ಬೀದಿಯ ಹಾಲಿನವಳಿಗೆ ಹೇಳಿಬಿಟ್ಟರು: ದಿನಾ ಅರ್ಧ ಲೀಟರು, ಒಂದೇ ಹಸುವಿನದು. ಆರೋಗ್ಯ ಕೇಂದ್ರದ ನರ್ಸು ಹೇಳುವುದು ಪೂರ್ತಿ ಉಲ್ಟಾ. ವರ್ಷ ತುಂಬುವ ತನಕ ಹಸುವಿನ ಹಾಲನ್ನು ಕುಡಿಯಲು ಕೊಡಲೇಬೇಡಿ, ನಿಮ್ಮ ಹಾಲನ್ನೇ ಹಿಂಡಿಟ್ಟು ಹೋಗಿ, ಆಗದಿದ್ದರೆ ಡಬ್ಬಿಯಲ್ಲಿ ಬರುವ ಮಕ್ಕಳ ಪುಡಿ, ಜೊತೆಗೆ ಬೇಳೆ, ಸೊಪ್ಪು, ಮೊಟ್ಟೆ ಹಿಸುಕಿ ತಿನ್ನಿಸಿ, ಊಟದಲ್ಲಿ ಒಂದು ಚಮಚ ಮೊಸರು ಬಿದ್ದರೆ ಅಡ್ಡಿಯಿಲ್ಲ ಎನ್ನುತ್ತಾರೆ. ಅದನ್ನು ಕೇಳಿ ಚಿಕ್ಕತ್ತೆ, "ಮೊಸರು ಆಗತ್ತಂತೆ, ಹಾಲು ಆಗಲ್ವಂತೆ. ಮೊಸರೇನು ಮರದಿಂದ ಉದುರುತ್ತಾ?" ಎಂದು ಇಡೀ ಓಣಿಗೆ ಕೇಳಿಸಿದರು.

ಇವರು ಗ್ಯಾರೇಜಿನಿಂದ ಬಂದವರೇ ಇಬ್ಬರ ಮಾತೂ ಸರಿ ಎಂದು ತೀರ್ಪು ಕೊಟ್ಟು ಮುಖ ತೊಳೆಯಲು ಹೋಗುತ್ತಾರೆ. ನಡುವೆ ಸಿಕ್ಕಿಕೊಂಡವಳು ನಾನು.

ತೊಟ್ಟಿಲಿನ ಮೇಲೆ ಡೈರಿಯ ಆ ಹಳೆಯ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಹತ್ತು ತಿಂಗಳ ನಾನು ಬಾಟಲಿ ಕ್ರೇಟಿನೊಳಗೆ ಕೂತು, ಹಾಲಿನ ಬಾಟಲಿಯೊಂದನ್ನು ತಬ್ಬಿಕೊಂಡಿದ್ದೇನಲ್ಲ, ಅದು. ಕೆಳಗೆ 'ನಮ್ಮ ಹಾಲು, ನಮ್ಮ ಮಕ್ಕಳು'. ಚಿಕ್ಕತ್ತೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾರೆ. "ನೋಡಿ, ಸೊಸೇನೇ ಸಾಕ್ಷಿ. ಬೆಣ್ಣೆ ಮುದ್ದೆ ಹಾಗಿದ್ಲು."

ಫೋನಿನಲ್ಲಿ ಕೇಳಿದರೆ ಭಾಷಣ ಮಾಡುತ್ತೀಯ. ಕಾಗದದಲ್ಲಿ ನಿನಗೆ ಸುಳ್ಳು ಬರುವುದಿಲ್ಲ. ನಿನ್ನ ಮಾತು ಬಂದರೆ ಈ ಜಗಳ ನಿಲ್ಲುತ್ತದೆ. ಒಂದಕ್ಕೆ ಒಂದಾ, ಒಂದಕ್ಕೆ ಎರಡಾ?

ನಿನ್ನ
ಮಗಳು


ಜನವರಿ 18

ಕಂಡಕ್ಟರಮ್ಮಾ,

ನಿನ್ನ ಕಾಗದ ಬಂದಾಗ ಕಾರ್ಮಿಕ ಸಂಘದ ಕಚೇರಿಯಲ್ಲಿ ಕೂತು, ಕೆಲಸದಿಂದ ಕಿತ್ತುಹಾಕಿದ ಒಬ್ಬನಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಓದಿ ಮುಗಿಸಿ ಮತ್ತೆ ಪೆನ್ನು ಹಿಡಿದವಳು 'ಮಾನ್ಯ ಮ್ಯಾನೇಜರರೇ' ಎನ್ನುವ ಕಡೆ 'ಮಾನ್ಯ ಮೊಮ್ಮಗುವೇ' ಎಂದು ಬರೆದೆ. ಅವನು ಪಾಪ, ಕೆಲಸ ಹೋದ ಸಂಕಟದಲ್ಲೂ ನಕ್ಕ.

ಆ ಕ್ಯಾಲೆಂಡರ್ ನಿನ್ನ ಹತ್ತಿರ ಇದೆಯೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎಲ್ಲಿಟ್ಟಿದ್ದೆ?

ಡೈರಿಯ ಬಾಟಲಿ ತೊಳೆಯುವ ಹಾಲ್ ಈಗ ಗೋದಾಮು. ಮೊನ್ನೆ ಆ ಕಡೆ ಹೋಗಿದ್ದೆ. ಕಿಟಕಿಯ ಸರಳಿಗೆ ಮುಖವಿಟ್ಟು ನೋಡಿದರೆ, ನೆಲದಲ್ಲಿ ನಮ್ಮ ಯಂತ್ರದ ನಾಲ್ಕು ಕಾಲಿನ ಗುರುತು ಇನ್ನೂ ಇದೆ. ಮೂಗಿಗೆ ಹಳೆಯ ವಾಸನೆಯೇ ಬಡಿಯಿತು: ಬಿಸಿ ಸೋಡಾ ನೀರು, ಹುಳಿತ ಹಾಲು, ಒದ್ದೆ ರಬ್ಬರು. ಒಂದು ಗಂಟೆಗೆ ಮೂರು ಸಾವಿರ ಬಾಟಲಿ. ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತ ಬರುತ್ತಿದ್ದವು. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮ ಹೆಂಗಸರ ಗಂಟಲೆಲ್ಲ ಮೈಕಿನಂತಾಗಿತ್ತು. ಮನೆಗೆ ಹೋಗಿ ಪಿಸುಗುಟ್ಟಿದರೂ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು.

ಕೆಲಸ ಬಿಡುವಾಗ ಪ್ರತಿಯೊಬ್ಬರಿಗೂ ಒಂದು ಪಾಲಿನ ಬಾಟಲಿ. ಬೆಳ್ಳಿ ಬಣ್ಣದ ತಗಡು ಮುಚ್ಚಳ. ನೀನು ಆ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟುತ್ತಿದ್ದೆ. ಗಾಳಿ ಬಂದರೆ ಮನೆಯ ತುಂಬ ಬೆಳಕಿನ ಚುಕ್ಕಿ ಓಡಾಡುತ್ತಿದ್ದವು. ಫೋಟೋ ತೆಗೆದ ದಿನವೂ ನಿನ್ನ ಕೈಯಲ್ಲಿ ಒಂದು ಮುಚ್ಚಳವಿತ್ತು. ಬಾಯಿಗೆ ಹಾಕಿಕೊಳ್ಳುತ್ತೀಯೆಂದು ಫೋಟೋದವನು ಕಿತ್ತುಕೊಂಡ. ಆದರೂ ನೀನು ಅಳಲಿಲ್ಲ. ಎಂಥ ಸಮಾಧಾನದ ಮಗು ಎಂದು ಎಲ್ಲರೂ ಹೊಗಳಿದರು.

ನೀರಿನ ಪಾಲು ಸರಿಯಾಗಿ ನೆನಪಿಲ್ಲ. ನರ್ಸು ಓದಿದವಳು, ಅವಳ ಮಾತನ್ನೂ ಯೋಚಿಸು. ದೊಡ್ಡವರನ್ನು ನೋಯಿಸಬೇಡ. ಪಾಪುವಿನ ಉಗುರು ಕೆಂಪಗಿದೆಯಾ?

ನಿನ್ನ
ಅಮ್ಮ


ಫೆಬ್ರವರಿ 11

ಅಮ್ಮ,

ಎರಡು ಹಾಳೆ ಬರೆದೆ, ಉತ್ತರ ಮಾತ್ರ ಬರೆಯಲಿಲ್ಲ. ಮುಷ್ಕರದಲ್ಲಿ ಡೈರಿ ಗೇಟಿನ ಮುಂದೆ ಕ್ರೇಟಿನ ಮೇಲೆ ಹತ್ತಿ ನಿಂತು ಮ್ಯಾನೇಜರನ ಬೆವರಿಳಿಸಿದವಳು ನೀನೇನಾ? 'ನರ್ಸಿನ ಮಾತು ಯೋಚಿಸು, ದೊಡ್ಡವರನ್ನು ನೋಯಿಸಬೇಡ' ಅಂತೆ. ಇವರ ತೀರ್ಪೇ ವಾಸಿ, ಮುಖವನ್ನಾದರೂ ತೊಳೆದುಕೊಳ್ಳುತ್ತಾರೆ.

ಬೇಡವೆಂದು ನೀನು ಹೇಳಲಿಲ್ಲ, ಹಾಗಾಗಿ ಶುರು ಮಾಡಿದೆವು. ಮೊದಲ ನಾಲ್ಕು ದಿನ ಒಂದಕ್ಕೆ ಒಂದು ನೀರು. ಈಗ ಚಿಕ್ಕತ್ತೆ ನೀರು ಬಿಟ್ಟಿದ್ದಾರೆ, ಗಟ್ಟಿ ಹಾಲೇ. ಪಾಪುವಿಗೆ ರುಚಿ ಹತ್ತಿದೆ. ಅರ್ಧ ಲೀಟರು ಸಾಲದೆ ಇನ್ನೊಂದು ಪಾವು ಹೇಳಿದ್ದಾರೆ. ಬೇಳೆ, ಸೊಪ್ಪು ಎಂದರೆ ಬಾಯಿ ತೆರೆಯುವುದಿಲ್ಲ, ಹೊಟ್ಟೆ ತುಂಬಿರುತ್ತದಲ್ಲ. ಕುಡಿದು ಮಲಗಿಬಿಡುತ್ತದೆ. ಯಾರಿಗೂ ತೊಂದರೆಯಿಲ್ಲ. ಎಂಥ ಸಮಾಧಾನದ ಮಗು ಎಂದು ಓಣಿಯವರೂ ಹೇಳುತ್ತಾರೆ, ಅಮ್ಮನ ಹಾಗೇ ಅಂತ.

ತೊಂದರೆಯೆಲ್ಲ ನನಗೇ. ಎರಡನೇ ಟ್ರಿಪ್ಪಿನ ಹೊತ್ತಿಗೆ ಎದೆ ಕಲ್ಲಾಗುತ್ತದೆ. ಯಾರದೋ ಕೂಸು ಬಸ್ಸಿನಲ್ಲಿ ಅತ್ತರೆ ಸಾಕು, ನನ್ನ ಅಂಗಿ ಒದ್ದೆ. ಟಿಕೆಟ್ ಚೀಲವನ್ನು ಅಡ್ಡ ಹಿಡಿದು ನಿಲ್ಲುತ್ತೇನೆ. ನಿನ್ನೆ ಒಬ್ಬರು ಹಿರಿಯರು, "ಚೀಲ ಅಷ್ಟು ಭದ್ರವಾಗಿ ಹಿಡ್ಕೊಂಡಿದ್ದೀಯಲ್ಲ ತಾಯಿ, ನಾವೇನು ಕಳ್ಳರಾ?" ಎಂದರು. ಹಿಂಡಲು ಡಿಪೋದಲ್ಲಿ ಬಾಗಿಲಿರುವ ಒಂದು ಕೋಣೆಯೂ ಇಲ್ಲ. ಇನ್ನು ಹದಿನೈದು ದಿನದಲ್ಲಿ ಬತ್ತಿಹೋಗುತ್ತದೆ, ಆಮೇಲೆ ಆರಾಮ ಎಂದು ಚಿಕ್ಕತ್ತೆ ಸಮಾಧಾನ ಹೇಳುತ್ತಾರೆ.

ಪಾಪು ಮಲಗಿದಾಗ ಕ್ಯಾಲೆಂಡರ್ ನೋಡುತ್ತ ಕೂರುತ್ತೇನೆ. ಎಲ್ಲವೂ ನೆನಪಾಗುತ್ತದೆ. ಶಾಲೆಯಲ್ಲಿ ನನ್ನನ್ನು 'ಕ್ಯಾಲೆಂಡರ್' ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಮಸಿ ಕುಡಿದು ಹಲ್ಲು ಕಪ್ಪು ಮಾಡಿಕೊಂಡಿದ್ದೆ ಎಂದು ನೀನು ಹೇಳುತ್ತಿದ್ದ ಕಥೆ. ಬಾಗಿಲಿನ ತಗಡು ಮುಚ್ಚಳದ ಮಾಲೆ. ಮತ್ತೆ ನಿನ್ನ ಕರಿ ಚಹಾ. ಡೈರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಒಂದು ಹನಿ ಹಾಲು ಹಾಕದೆ ಚಹಾ ಕುಡಿಯುವವಳು ನೀನೊಬ್ಬಳೇ ಇರಬೇಕು. ಅದ್ಯಾಕಮ್ಮ?

ಪಾಪುವಿನ ಉಗುರಿನ ಬಗ್ಗೆ ಯಾಕೆ ಕೇಳಿದೆ?

ನಿನ್ನ
ಕ್ಯಾಲೆಂಡರ್


ಫೆಬ್ರವರಿ 17

ಮಗಳೇ,

ಈ ಕಾಗದ ಕೈಗೆ ಸಿಕ್ಕ ತಕ್ಷಣ ಹಾಲು ನಿಲ್ಲಿಸು. ಪಾಪುವನ್ನು ಎತ್ತಿಕೊಂಡು ನರ್ಸಿನ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸು. ಮುಂದಿನದನ್ನು ಬಂದಮೇಲೆ ಓದು.

ಹೋಗಿ ಬಂದೆಯಾ? ಹಾಗಾದರೆ ಓದು.

ನಿನ್ನ ಕಾಗದದಲ್ಲಿ 'ಕುಡಿದು ಮಲಗಿಬಿಡುತ್ತದೆ, ತೊಂದರೆಯಿಲ್ಲ' ಎಂಬ ಸಾಲನ್ನು ಎರಡು ಸಲ ಓದಿದೆ. ಅದು ನನ್ನ ಮಾತು. ಮೂವತ್ತು ವರ್ಷದ ಹಿಂದೆ ಅದೇ ಮಾತನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳು ನಾನು.

ನಿನಗೆ ಮೂರು ತಿಂಗಳಾದಾಗ ನನ್ನನ್ನು ಕೆಲಸಕ್ಕೆ ಕರೆದರು. ಯಂತ್ರದ ಮುಂದೆ ನಿಂತರೆ ಸೈರನ್ ಕೂಗುವವರೆಗೆ ಅಲುಗಾಡುವಂತಿಲ್ಲ. ನಮ್ಮ ಮನೆ ಗೇಟಿನಿಂದ ಮುನ್ನೂರು ಹೆಜ್ಜೆ. ನೀನು ಅಲ್ಲಿ ಅಳುತ್ತಿದ್ದೆ, ನಾನು ಇಲ್ಲಿ ಬಾಟಲಿ ತೊಳೆಯುತ್ತಿದ್ದೆ. ರವಿಕೆ ಒದ್ದೆಯಾಗಿ, ಏಪ್ರನ್ ದಾಟಿ, ನನ್ನ ಹಾಲು ಸೋಡಾ ನೀರಿನ ಜೊತೆ ಮೋರಿಗೆ ಹರಿಯಿತು. ಸಂಜೆ ಅವರ ಪಾಲಿನ ಬಾಟಲಿ ಹಿಡಿದು ಮನೆಗೆ ಬಂದು ನಿನಗೆ ಕುಡಿಸಿದೆ. ಇದನ್ನು ಅವರು ಸವಲತ್ತು ಎಂದು ಕರೆದರು. ನಾವೂ ಹಾಗೇ ಕರೆದೆವು. ಎರಡು ತಿಂಗಳಲ್ಲಿ ನನ್ನದು ಬತ್ತಿತು. ನೀರಿನ ಪಾಲು ನೆನಪಿಲ್ಲವೆಂದು ಬರೆದೆನಲ್ಲ, ಅದು ಸುಳ್ಳು. ನೀರು ಬೆರೆಸುತ್ತಲೇ ಇರಲಿಲ್ಲ. ಹೊತ್ತಿಗೆ ಒಂದು ಬಾಟಲಿ, ಗಟ್ಟಿ. ನೆರೆಯವರು ತಮ್ಮ ಪಾಲನ್ನೂ ಕೊಡುತ್ತಿದ್ದರು. ನೀನು ಬೇರೇನೂ ತಿನ್ನಲಿಲ್ಲ. ದುಂಡಗೆ, ಬೆಳ್ಳಗೆ ಆದೆ. ಅಷ್ಟು ಬೆಳ್ಳಗಿನ ಮಗು ನಮ್ಮ ಸಾಲುಮನೆಯಲ್ಲೇ ಇರಲಿಲ್ಲ. ಕ್ಯಾಲೆಂಡರಿಗೆ ಮಗು ಹುಡುಕುತ್ತಿದ್ದ ಮ್ಯಾನೇಜರ್ ಗೇಟಿನಲ್ಲಿ ನಿನ್ನನ್ನು ಕಂಡು ಕಾರು ನಿಲ್ಲಿಸಿದ.

ಫೋಟೋ ತೆಗೆದ ಮೂರು ತಿಂಗಳಿಗೆ ನೀನು ಗೋಡೆಯ ಸುಣ್ಣ ಕೆರೆದು ತಿನ್ನತೊಡಗಿದೆ. ನಿಲ್ಲಿಸಿದರೆ ಕೂರುತ್ತಿದ್ದೆ, ಕೂರಿಸಿದರೆ ಮಲಗುತ್ತಿದ್ದೆ. ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋದೆ. ಅಲ್ಲಿನ ನರ್ಸು ನಿನ್ನ ಉಗುರು ಒತ್ತಿದಳು, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದಳು. ಕೆಂಪಗಿರಬೇಕಾದ ಜಾಗ ಸುಣ್ಣದ ಗೋಡೆಯ ಹಾಗಿತ್ತು.

"ಇದು ಬಣ್ಣ ಅಲ್ಲಮ್ಮ. ಮಗೂಗೆ ರಕ್ತ ಇಲ್ಲ" ಎಂದಳು.

ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಅದನ್ನೇ ಹೊಟ್ಟೆ ತುಂಬ ಕುಡಿದರೆ ಬೇರೆ ಊಟಕ್ಕೆ ಜಾಗವಿರುವುದಿಲ್ಲ, ಕೆಲವು ಎಳೆಯ ಕರುಳುಗಳಲ್ಲಿ ಅದರಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವುದೂ ಉಂಟು ಎಂದು ವಿವರಿಸಿದಳು. ಅವಳ ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತಿತ್ತು. ನೀನೇ. ನನ್ನ ತೊಡೆಯ ಮೇಲಿನ ಮಗುವೂ ಅದೂ ಒಂದೇ ಎಂದು ಅವಳಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಆರು ತಿಂಗಳು ಕಬ್ಬಿಣದ ಔಷಧಿ ಕುಡಿಸಿದೆ. ಅದಕ್ಕೇ ನಿನ್ನ ಹಲ್ಲು ಕಪ್ಪಾಗಿದ್ದು. ಮಸಿಯ ಕಥೆ ನಾನು ಕಟ್ಟಿದ್ದು.

ಇಲ್ಲಿಯವರೆಗಿನದು ತಿಳಿಯದೆ ಮಾಡಿದ್ದು. ಇನ್ನು ಮುಂದಿನದು ತಿಳಿದೂ ಮಾಡಿದ್ದು.

ಮರುತಿಂಗಳೇ ಮುಷ್ಕರ. ನಮ್ಮ ಏಳು ಬೇಡಿಕೆಗಳಲ್ಲಿ ನಾಲ್ಕನೆಯದನ್ನು ಬರೆದವಳು ನಾನು: ಹಾಲುಣಿಸುವ ತಾಯಂದಿರಿಗೆ ದಿನಕ್ಕೆ ಎರಡು ಸಲ ಅರ್ಧ ಗಂಟೆ, ಬಾಗಿಲಿರುವ ಒಂದು ಕೋಣೆ. ಹತ್ತೊಂಬತ್ತನೆಯ ದಿನ ಮಾತುಕತೆಗೆ ಕರೆದರು. ಮೇಜಿನ ಈ ಕಡೆ ನಾವು ಐದು ಜನ. ನಾಲ್ಕನೆಯ ಬೇಡಿಕೆ ಬಂದಾಗ ಮ್ಯಾನೇಜರ್ ಎದ್ದು ಗೋಡೆಯ ಕಡೆ ಕೈ ಮಾಡಿದ.

"ಇದು ನಿಮ್ಮದೇ ಮಗು ತಾನೇ? ನೀವು ಅರ್ಧ ಗಂಟೆ ತಗೊಂಡು ಬೆಳೆಸಿದ್ರಾ? ನಮ್ಮ ಹಾಲು ಕುಡಿದು ಹೇಗಿದೆ ನೋಡಿ. ಇದಕ್ಕಿಂತ ಇನ್ನೇನು ಬೇಕಮ್ಮ?"

ನನ್ನ ಚೀಲದಲ್ಲಿ ನಿನ್ನ ಕಬ್ಬಿಣದ ಔಷಧಿಯ ಸೀಸೆ ಇತ್ತು. ತೆಗೆದು ಮೇಜಿನ ಮೇಲೆ ಕುಕ್ಕಿದ್ದರೆ ಸಾಕಿತ್ತು. ಪಕ್ಕಕ್ಕೆ ತಿರುಗಿದೆ. ನಮ್ಮವರು ನಾಲ್ವರೂ ಆ ಫೋಟೋ ನೋಡಿ ಹೆಮ್ಮೆಯಿಂದ ನಗುತ್ತಿದ್ದರು. ಊರಿಗೆಲ್ಲ ಬುದ್ಧಿ ಹೇಳುವವಳು ಹೆತ್ತ ಮಗುವಿನ ರಕ್ತ ಬತ್ತಿಸಿದಳು ಎಂದಾರು ಅನ್ನಿಸಿತು. ಬಾಯಿ ಮುಚ್ಚಿಕೊಂಡೆ. ನಾಲ್ಕನೆಯ ಬೇಡಿಕೆಯ ಮೇಲೆ ಗೀಟು ಎಳೆದರು. ಬೂಟು ಸಿಕ್ಕಿತು, ಕೈಗವಸು ಸಿಕ್ಕಿತು, ವಾರಕ್ಕೊಂದು ರಜೆ ಸಿಕ್ಕಿತು. ನನ್ನನ್ನು ಹೆಗಲ ಮೇಲೆ ಹೊತ್ತು ಗೇಟಿನಿಂದ ಸಾಲುಮನೆಯವರೆಗೆ ಮೆರವಣಿಗೆ ಮಾಡಿದರು. ಅಂದಿನಿಂದ ನನ್ನ ಚಹಾಕ್ಕೆ ಹಾಲಿಲ್ಲ.

ಹಸುವಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಹಾಲು ಕೊಡುವುದು ತನ್ನ ಕರುವಿಗೆಂದು. ನಿನ್ನ ಚಿಕ್ಕತ್ತೆಯ ಮೇಲೂ ಇಲ್ಲ. ಅರ್ಧ ಗಂಟೆಯನ್ನು ಕದ್ದು, ಬದಲಿಗೆ ಒಂದು ಬಾಟಲಿ ಕೈಗಿತ್ತು, ಅದನ್ನು ಉಪಕಾರ ಎನ್ನುವವರ ಮೇಲೆ ಸಿಟ್ಟಿದೆ. ಆದರೆ ಆ ದಿನ ಹೇಳಬೇಕಾದ ಮಾತನ್ನು ನುಂಗಿದವಳು ನಾನು. ನನ್ನ ಬಳಿಕ ಆ ಯಂತ್ರದ ಮುಂದೆ ನಿಂತ ಎಷ್ಟು ಹೆಂಗಸರ ಹಾಲು ಮೋರಿಗೆ ಹೋಯಿತೋ ನಾನು ಎಣಿಸಿಲ್ಲ. ಎಣಿಸುವ ಧೈರ್ಯವಿಲ್ಲ.

ಅಮ್ಮ


ಮಾರ್ಚ್ 3

ಅಮ್ಮ,

ಪಾಪುವಿನ ಬೆರಳು ಚುಚ್ಚಿ ನೋಡಿದರು. ರಕ್ತ ಅಂಚಿನಲ್ಲಿದೆ, ಕೆಳಗೆ ಇಳಿದಿಲ್ಲ. ಮೂರು ವಾರಕ್ಕೇ ಬಂದಿದ್ದು ಒಳ್ಳೆಯದಾಯಿತು ಎಂದರು. ಕಬ್ಬಿಣದ ಹನಿ ಕೊಟ್ಟಿದ್ದಾರೆ.

ಹಾಲು ನಿಲ್ಲಿಸಿದೆ. ಚಿಕ್ಕತ್ತೆಗೆ ನಿನ್ನ ಕಾಗದ ಓದಿ ಹೇಳಿದೆ. ಅವರು ಎದ್ದುಹೋಗಿ ಮೊಟ್ಟೆ ಬೇಯಿಸಿ, ಹಿಸುಕಿ, ಪಾಪುವಿನ ಮುಂದೆ ಕೂತು, "ಹಾಲಿನವಳಿಗೆ ತಿಂಗಳು ಪೂರ್ತಿ ಹೇಳಿಬಿಟ್ಟಿದ್ದೀನಿ. ಇನ್ನು ನಾನೇ ಕುಡಿದು ಕ್ಯಾಲೆಂಡರಾಗ್ತೀನಿ" ಎಂದರು. ನಗು ಬರಲಿಲ್ಲ.

ಕ್ಯಾಲೆಂಡರ್ ಇಳಿಸಿದ್ದೇನೆ. ಮೊಳೆ ಹಾಗೇ ಇದೆ.

ನನ್ನ ರಕ್ತದ ವಿಷಯವನ್ನು ಮೂವತ್ತು ವರ್ಷ ನನಗೇ ಹೇಳಲಿಲ್ಲ. ಅದೂ ಹೋಗಲಿ. ಜನವರಿಯಲ್ಲಿ ಕೇಳಿದೆನಲ್ಲ, ಆಗಲೂ ಹೇಳಲಿಲ್ಲ. ಉಗುರು ಕೆಂಪಗಿದೆಯಾ ಎಂದು ಕೇಳಿದೆ.

ಸದ್ಯಕ್ಕೆ ಇಷ್ಟೇ.

ಮಗಳು


ಮಾರ್ಚ್ 30

ಮಗಳೇ,

ನೀನು ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ.

ನಾಲ್ಕು ಮಾತಿವೆ, ಅಷ್ಟನ್ನು ಹೇಳಿಬಿಡುತ್ತೇನೆ. ಹಾಲು ಕಮ್ಮಿಯಾಗಿದ್ದರೂ ಪೂರ್ತಿ ಬತ್ತಿರಲಾರದು. ಮಗು ಬಾಯಿ ಹಚ್ಚಿದರೆ ಮತ್ತೆ ಏರುತ್ತದೆ, ನರ್ಸನ್ನು ಕೇಳು. ನಿಮ್ಮ ಡಿಪೋದಲ್ಲಿ ಇನ್ನೆಷ್ಟು ಜನ ಚೀಲ ಅಡ್ಡ ಹಿಡಿದು ನಿಂತಿದ್ದಾರೆ, ಅವರನ್ನೂ ಕೇಳು. ಒಬ್ಬಳೇ ಮ್ಯಾನೇಜರನ ಮುಂದೆ ಹೋಗಬೇಡ. ಅರ್ಜಿ ಕೊಡುವ ಮುಂಚೆ ಅದರ ನಕಲು ತೆಗೆದಿಟ್ಟುಕೋ.

ಕ್ಯಾಲೆಂಡರನ್ನು ಹರಿಯಬೇಡ. ಅದರಲ್ಲಿರುವ ಮುಖ ನಿನ್ನದು. ಅದರ ಬಗ್ಗೆ ಯಾರಿಗೆ ಏನು ಹೇಳಬೇಕೋ ಹೇಳು. ನನ್ನ ಮಾನ ಉಳಿಸಲು ಹೋಗಬೇಡ.

ಅಮ್ಮ


ಏಪ್ರಿಲ್ 29

ಅಮ್ಮ,

ಒಬ್ಬಳೇ ಹೋಗಲಿಲ್ಲ. ಒಂಬತ್ತು ಜನ ಹೋದೆವು. ನಮ್ಮ ಡಿಪೋದಲ್ಲಿ ಎಳೆ ಕೂಸಿನ ತಾಯಂದಿರು ಇಷ್ಟು ಜನ ಇದ್ದಾರೆಂದು ನಮಗೇ ಗೊತ್ತಿರಲಿಲ್ಲ. ಎಲ್ಲರ ಎದೆಯ ಮುಂದೆಯೂ ಚೀಲವಿತ್ತು, ಅಷ್ಟೇ.

ಡಿಪೋ ಮ್ಯಾನೇಜರ್ ಕೆಟ್ಟವನೇನಲ್ಲ. ಕೂರಿಸಿ ಮಾತಾಡಿಸಿದ. ಟ್ರಿಪ್ಪಿನ ನಡುವೆ ಅರ್ಧ ಗಂಟೆ ಕೊಟ್ಟರೆ ಬಸ್ಸುಗಳ ಸಮಯವೆಲ್ಲ ಏರುಪೇರಾಗುತ್ತದೆ ಎಂದು ದೊಡ್ಡ ಹಾಳೆ ಬಿಡಿಸಿ ತೋರಿಸಿದ. ಕೊನೆಗೆ ನಗುತ್ತ, ತಮ್ಮ ಮನೆಯ ಮಕ್ಕಳೆಲ್ಲ ಹಸುವಿನ ಹಾಲಿನಲ್ಲೇ ಬೆಳೆದು ಎಮ್ಮೆಯ ಹಾಗಿದ್ದಾರೆ ಎಂದ. ಆಗ ನಾನು ಚೀಲದಿಂದ ಕ್ಯಾಲೆಂಡರ್ ತೆಗೆದು ಆ ಹಾಳೆಯ ಮೇಲೆ ಹರಡಿದೆ. "ಅಯ್ಯೋ, ಎಷ್ಟು ಮುದ್ದಾಗಿದೆ" ಎಂದ. ಪಾಪುವಿನ ಕಬ್ಬಿಣದ ಹನಿಯ ಸೀಸೆಯನ್ನು ಅದರ ಪಕ್ಕ ಇಟ್ಟೆ.

"ಈ ಮಗು ನಾನೇ ಸಾರ್. ಈ ಫೋಟೋ ತೆಗೆದಾಗ ನನ್ನ ಮೈಯಲ್ಲಿ ರಕ್ತ ಇರ್ಲಿಲ್ಲ. ಇದನ್ನ ತೋರಿಸಿ ನಮ್ಮಮ್ಮನ ಬಾಯಿ ಮುಚ್ಚಿಸಿದ್ರು. ನಾನು ಈ ಸೀಸೇನೂ ತೋರಿಸೋದಕ್ಕೇ ಬಂದಿದ್ದೀನಿ."

ಅಷ್ಟು ಹೇಳುವುದಕ್ಕೆ ನಾನು ಮೇಜಿನ ಅಂಚು ಹಿಡಿದುಕೊಳ್ಳಬೇಕಾಯಿತು. ನೀನು ಆ ದಿನ ಯಾಕೆ ಹೇಳಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು ಅಮ್ಮ. ಸಿಟ್ಟು ಪೂರ್ತಿ ಹೋಗಿಲ್ಲ. ಅರ್ಥವಾಯಿತು ಎಂದಷ್ಟೇ ಹೇಳುತ್ತಿದ್ದೇನೆ.

ಪೂರ್ತಿ ಗೆಲ್ಲಲಿಲ್ಲ. ಅರ್ಧ ಗಂಟೆ ದಿನಕ್ಕೆ ಒಂದೇ ಸಲ ಕೊಟ್ಟಿದ್ದಾರೆ, ಎರಡನೆಯದಕ್ಕೆ ಮೇಲಿನವರನ್ನು ಕೇಳಬೇಕಂತೆ. ಕೇಳುತ್ತೇವೆ. ಕೋಣೆ ಸಿಕ್ಕಿದೆ. ಜನ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನು ಇಡುವ ಕೋಣೆ. ಅರವತ್ತು ಛತ್ರಿ, ಊಟದ ಡಬ್ಬಿಗಳು, ಒಂಟಿ ಚಪ್ಪಲಿ, ಒಂದು ಹಾರ್ಮೋನಿಯಂ. ಅವುಗಳ ನಡುವೆ ಬೆಂಚು ಹಾಕಿಕೊಂಡು ಕೂರುತ್ತೇವೆ. ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಹತ್ತೂವರೆಗೆ ಡಿಪೋ ಸೇರುವ ನನ್ನ ಬಸ್ಸಿಗೇ ಚಿಕ್ಕತ್ತೆ ಪಾಪುವನ್ನು ಕರೆದುಕೊಂಡು ಹತ್ತುತ್ತಾರೆ. ಮೊದಲ ದಿನ ಟಿಕೆಟ್ ಕೊಟ್ಟರೆ, "ಮನೆಯವರಿಗೂ ಟಿಕೆಟ್ಟಾ?" ಎಂದು ಮುಖ ಊದಿಸಿದರು. ಪಾಪುವಿಗೆ ಇಲ್ಲ, ನಿಮಗೆ ಪೂರ್ತಿ ಎಂದೆ.

ಇಳಿದುಹೋಗಿದ್ದ ಹಾಲು ಮತ್ತೆ ಏರಿದೆ. ನೀನು ಹೇಳಿದ ಹಾಗೇ.

ಕ್ಯಾಲೆಂಡರ್ ಈಗ ಆ ಕೋಣೆಯಲ್ಲಿದೆ, ಛತ್ರಿಗಳ ಮೇಲ್ಗಡೆ. ಕೆಳಗಿದ್ದ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ 'ನಾಲ್ಕನೇ ಬೇಡಿಕೆ' ಎಂದು ಬರೆದಿದ್ದೇನೆ. ಯಾರಾದರೂ ಕೇಳಿದರೆ ಕಥೆ ಹೇಳುತ್ತೇನೆ.

ನಿನ್ನ
ಮಗಳು


ಜುಲೈ 2

ಅಮ್ಮ,

ಇನ್ನೈದು ದಿನಕ್ಕೆ ಪಾಪುವಿಗೆ ವರ್ಷ. ರಕ್ತ ಚೆನ್ನಾಗಿದೆ. ಮೊನ್ನೆ ನರ್ಸಿನ ಕನ್ನಡಕ ಕಿತ್ತು ಎಸೆಯಿತು. ಸಮಾಧಾನದ ಮಗು ಎಂದು ಈಗ ಯಾರೂ ಹೇಳುವುದಿಲ್ಲ, ನನಗೆ ಎಷ್ಟು ಖುಷಿಯೆಂದರೆ ಹೇಳಲಾರೆ. ಇನ್ನು ಮೇಲೆ ಊಟದ ಜೊತೆ ಹಸುವಿನ ಹಾಲು ಕೊಡಬಹುದಂತೆ. ಕಾಯಿಸಿ, ಬಾಟಲಿಯಲ್ಲಲ್ಲ, ಲೋಟದಲ್ಲಿ. ದಿನಕ್ಕೆ ಒಂದೆರಡು ಲೋಟ, ಅದಕ್ಕಿಂತ ಹೆಚ್ಚಿಲ್ಲ.

ಚಿಕ್ಕತ್ತೆ ಹಾಲಿನವಳಿಗೆ ಆಗಲೇ ಹೇಳಿಯಾಗಿದೆ. ಆದರೆ ಮೊದಲ ಲೋಟವನ್ನು ಅವರು ಕುಡಿಸುವುದಿಲ್ಲವಂತೆ, ನಾನೂ ಕುಡಿಸುವುದಿಲ್ಲ. ನೀನು ಬಂದು ಕುಡಿಸಬೇಕು. ಏಳನೇ ತಾರೀಖು ನನಗೆ ರಜೆ ಇಲ್ಲ, ಹತ್ತೂವರೆಗೆ ಡಿಪೋದ ಕೋಣೆಗೇ ಬಾ. ಬಾಗಿಲು ಎರಡು ಸಲ ತಟ್ಟು.

ಉಳಿದ ಹಾಲನ್ನು ನಿನ್ನ ಚಹಾಕ್ಕೆ ಹಾಕುತ್ತೇನೆ.

ನಿನ್ನ
ಕ್ಯಾಲೆಂಡರ್


ಜುಲೈ 4

ಕಂಡಕ್ಟರಮ್ಮಾ,

ಬರುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ. ಟಿಕೆಟ್ ಪೂರ್ತಿ ಕೊಡುತ್ತೇನೆ, ಹೆದರಬೇಡ.

ಟ್ರಂಕಿನ ತಳದಲ್ಲಿ ಆ ತಗಡು ಮುಚ್ಚಳದ ಮಾಲೆ ಸಿಕ್ಕಿತು. ಹನ್ನೊಂದು ಉಳಿದಿವೆ. ತರುತ್ತೇನೆ, ನಿಮ್ಮ ಕೋಣೆಯ ಕಿಟಕಿಗೆ ಎತ್ತರದಲ್ಲಿ ಕಟ್ಟು. ಮಗುವಿನ ಬಾಯಿಗೆ ಸಿಗಬಾರದು, ಕಣ್ಣಿಗೆ ಸಿಗಲಿ.

ಲೋಟ ಚಿಕ್ಕದಿರಲಿ. ಎರಡನೇ ಅರ್ಧ ಗಂಟೆಯ ಅರ್ಜಿಯನ್ನು ಬರೆದು ತರುತ್ತಿದ್ದೇನೆ, ಒಂಬತ್ತು ಜನರೂ ಸಹಿ ಹಾಕಿ.

ಚಹಾಕ್ಕೆ ಹಾಲು ಹಾಕಬೇಡ. ಮೂವತ್ತು ವರ್ಷದಲ್ಲಿ ಕರಿ ಚಹಾವೇ ರುಚಿಯಾಗಿಬಿಟ್ಟಿದೆ.

ನಿನ್ನ
ಅಮ್ಮ